ನಾಡಿ ನೋಡುವ ಕೈ

ತಾನು ಒಳಗೆ ಕಾಲಿಟ್ಟ ಕೂಡಲೇ ಗಂಡನ ಎದೆಬಡಿತದ ಅಂಕಿ ಏರುತ್ತದೆ ಎಂಬುದನ್ನು ಅವಳು ನಿನ್ನೆ ಸಂಜೆಯೇ ಗಮನಿಸಿದ್ದಳು. ಗಮನಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಬಾಗಿಲನ್ನು ಮತ್ತೆ ಜಗ್ಗಿ ನೋಡುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಅದಕ್ಕೆ ಬೇರೆ ಬೇರೆ ಕಾರಣಗಳನ್ನು ಕಟ್ಟಿ ನೋಡಿದಳು. ಆಗಷ್ಟೇ ಕೆಮ್ಮಿದ್ದಿರಬಹುದು. ಯಾರೋ ಹಾಸಿಗೆಯ ತಲೆಭಾಗವನ್ನು ಎತ್ತರಿಸಿದ್ದಿರಬಹುದು. ಮೂತ್ರಕ್ಕೆ ಅವಸರವಾಗಿದ್ದರೂ ಹೇಳಲು ಸಂಕೋಚಪಟ್ಟು ಸುಮ್ಮನೆ ಮಲಗಿದ್ದಿರಬಹುದು. ಅವನ ಸ್ವಭಾವವೇ ಅಂಥದು. ಸಂತೋಷಕ್ಕೂ ಬಡಿತ ಏರುತ್ತದಲ್ಲ ಎಂದು ಮನಸ್ಸು ಒಂದು ಸಲ ಮೆಲ್ಲಗೆ ಹೇಳಿತು. ಹೇಳಿದ್ದೇ ತಡ ಅವಳಿಗೆ ಬಸ್ಸಿನಲ್ಲೇ ನಾಚಿಕೆಯಾಯಿತು, ಪಕ್ಕದಲ್ಲಿ ಕೂತವರು ಕೇಳಿಸಿಕೊಂಡರೇನೋ ಎಂಬಂತೆ ಸೆರಗು ಸರಿಮಾಡಿಕೊಂಡಳು. ಅರ್ಧ ಆಯುಷ್ಯವನ್ನು ನರ್ಸಾಗಿ, ಬಡಿತದ ಗೆರೆ ತೋರಿಸುವ ಪರದೆಗಳ ಮುಂದೆಯೇ ಕೂತು ಕಳೆದವಳು ತಾನು. ಸಂತೋಷಕ್ಕೆ ಏರಿದ ಬಡಿತ ಬೇಗ ಇಳಿಯುತ್ತದೆ. ನಿನ್ನೆಯದು ಅವಳು ಎದ್ದು ಬರುವವರೆಗೂ ಇಳಿದಿರಲಿಲ್ಲ.

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದರೆ ಎದುರಿಗೇ ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು, ಅದರ ಮೇಲೆ ಹೃದಯ ತೀವ್ರ ನಿಗಾ ಘಟಕ ಎಂಬ ಫಲಕ, ಪಕ್ಕದ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ. ಘಟಕ ಶುರುವಾದ ದಿನದ್ದು. ನಡುವೆ ದೊಡ್ಡ ಡಾಕ್ಟರು, ಕೈಯಲ್ಲಿ ಕತ್ತರಿ; ಅಕ್ಕಪಕ್ಕ ಕೋಟು ತೊಟ್ಟ ಗಣ್ಯರು; ಎಡತುದಿಯಲ್ಲಿ, ಚೌಕಟ್ಟು ಕೊಯ್ದುಹಾಕಿದ ಕಡೆ, ಒಂದು ಬಿಳಿ ಟೋಪಿ, ಅದರ ಕೆಳಗೆ ಒಂದು ಕಿವಿ. ಆ ಕಿವಿ ಅವಳದು. ಫೋಟೋದ ಅಡಿಯಲ್ಲಿ ಎಲ್ಲರ ಹೆಸರೂ ಇದ್ದವು, ಕಿವಿಯ ಹೆಸರಿರಲಿಲ್ಲ. ಗಂಡನನ್ನು ಸೇರಿಸಿದ ದಿನ ನಾದಿನಿ ಇದನ್ನು ಪತ್ತೆಹಚ್ಚಿ, ಅತ್ತಿಗೇ ಇದು ನೀವೇ ಅಲ್ವಾ, ಈ ಕಿವಿಯನ್ನ ನಾನು ಎಲ್ಲಿ ಕಂಡ್ರೂ ಗುರುತು ಹಿಡೀತೀನಿ, ಅಂತ ಅಷ್ಟು ಜನರ ಮುಂದೆ ನಕ್ಕಿದ್ದಳು. ಅಣ್ಣ ಒಳಗೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವಾಗ ನಗುವುದು ನಾದಿನಿಗೆ ಸಾಧ್ಯವಿತ್ತು. ಅವಳಿಗೆ ಎಲ್ಲವೂ ಸಾಧ್ಯವಿತ್ತು. ಹೋದಲ್ಲೆಲ್ಲ ಬಾಯಿ ತೆರೆದುಕೊಂಡೇ ಹೋಗುವವಳು, ಯಾರ ಮುಖದಲ್ಲಿ ಏನಿದೆ ಎಂದು ನೋಡುವ ಗೋಜಿಗೆ ಹೋಗದೆ ತನ್ನ ಮನೆಯ ನಲ್ಲಿ ಸೋರುವ ಕಥೆಯನ್ನು ಆರಂಭದಿಂದ ಹೇಳುವವಳು.

ನೋಡುವುದು ತನ್ನ ಕೆಲಸ, ತನ್ನೊಬ್ಬಳದೇ ಕೆಲಸ ಎಂದು ಅವಳಿಗೆ ಚಿಕ್ಕಂದಿನಿಂದ ಅನ್ನಿಸುತ್ತಿತ್ತು. ಅಪ್ಪ ಚಪ್ಪಲಿ ಬಿಡುವ ಸದ್ದಿನಿಂದಲೇ ಅವತ್ತಿನ ಸಂಜೆ ಹೇಗಿರುತ್ತದೆ ಎಂದು ತಿಳಿದು ಅಮ್ಮನಿಗೆ ಕಣ್ಣಿನಲ್ಲೇ ಹೇಳುತ್ತಿದ್ದಳು. ದೊಡ್ಡ ಡಾಕ್ಟರು ಅದನ್ನು ಕಂಡುಹಿಡಿದಿರಬೇಕು. ಈ ಘಟಕಕ್ಕೂ ಮೊದಲು ಎದೆನೋವಿನವರಿಗೆ ಬೇರೆ ಜಾಗವೆಂಬುದೇ ಇರಲಿಲ್ಲ. ಸಾಮಾನ್ಯ ವಾರ್ಡಿನ ಕೊನೆಯಲ್ಲಿ, ಬಟ್ಟೆಯ ಮರೆ ಕಟ್ಟಿ, ವಾರಗಟ್ಟಲೆ ಅಲುಗಾಡಬೇಡಿ ಎಂದು ಮಲಗಿಸುತ್ತಿದ್ದರು. ಕೈಯೆತ್ತಿ ಗಡ್ಡ ಹೆರೆದುಕೊಳ್ಳುವಂತಿಲ್ಲ, ತುತ್ತನ್ನೂ ಚಮಚದಲ್ಲಿ ಬೇರೆಯವರೇ ಇಡಬೇಕು. ದೊಡ್ಡ ದೊಡ್ಡ ಗಂಡಸರು, ಊರನ್ನು ಗದರಿಸಿ ಬಾಳಿದವರು, ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದರು. ಅಷ್ಟೆಲ್ಲ ಜೋಪಾನ ಮಾಡಿದರೂ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ, ಯಾರೂ ನೋಡದ ಹೊತ್ತಿನಲ್ಲಿ, ಸತ್ತಿರುತ್ತಿದ್ದರು. ಬೆಳಗಿನ ಚಹಾ ಹಿಡಿದು ಮರೆ ಸರಿಸಿದಾಗಲೇ ತಿಳಿಯುತ್ತಿತ್ತು. ಆ ಚಹಾವನ್ನು ಏನು ಮಾಡಬೇಕೆಂದು ತೋಚದೆ ಅವಳು ಒಂದು ಸಲ ಹೆಣದ ಪಕ್ಕದಲ್ಲೇ ಇಟ್ಟು ಬಂದಿದ್ದಳು. ದೊಡ್ಡ ಡಾಕ್ಟರು ಹೊರದೇಶದಲ್ಲಿ ಕಲಿತು ಬಂದು, ಇವರೆಲ್ಲ ಹೃದಯ ಕೆಟ್ಟು ಸಾಯುತ್ತಿಲ್ಲ, ನಾವು ನೋಡದೆ ಇದ್ದುದರಿಂದ ಸಾಯುತ್ತಿದ್ದಾರೆ ಎಂದರು. ಎಲ್ಲರನ್ನೂ ಒಂದೇ ಕೋಣೆಗೆ ತರಬೇಕು, ಎದೆಗೆ ತಂತಿ ಅಂಟಿಸಬೇಕು, ಕಣ್ಣು ಕೀಳದೆ ನೋಡುವವರನ್ನು ಕೂರಿಸಬೇಕು. ಯಂತ್ರ ಹಡಗಿನಲ್ಲಿ ಬರುತ್ತದೆ, ನೋಡುವವರು ಎಲ್ಲಿಂದ ಬರಬೇಕು ಎಂದು ಯಾರೋ ಕೇಳಿದ್ದಕ್ಕೆ ಅವಳತ್ತ ಬೆರಳು ಮಾಡಿದರು.

ಹಾಸಿಗೆ ಬಟ್ಟೆ ಒಟ್ಟುತ್ತಿದ್ದ ಉಗ್ರಾಣವನ್ನು ತೆರವು ಮಾಡಿ ನಾಲ್ಕು ಮಂಚ ಹಾಕಿದರು. ನಡುವೆ ಅವಳ ಮೇಜು, ಸುತ್ತ ಗಾಜು. ಪ್ರತಿ ಮಂಚದ ತಲೆಯ ಹತ್ತಿರ ತಟ್ಟೆಯಷ್ಟಗಲದ ದುಂಡು ಪರದೆ. ಅದರಲ್ಲಿ ಒಂದು ಹಸಿರು ಚುಕ್ಕೆ ಬಾಲ ಎಳೆದುಕೊಂಡು ಎಡದಿಂದ ಬಲಕ್ಕೆ ಹೋಗುವುದು, ಹೋಗುತ್ತ ಜಿಗಿಯುವುದು, ಬಾಲ ಆರಿಹೋಗುವುದು. ಮೊದಮೊದಲು ಬಡಿತ ತಪ್ಪಿ ಯಂತ್ರದ ಗಂಟೆ ಹೊಡೆದರೆ ಅವಳು ಡಾಕ್ಟರಿಗೆ ಹೇಳಿಕಳಿಸಿ, ಅವರು ಮೆಟ್ಟಿಲು ಹತ್ತಿ ಬರುವವರೆಗೆ ಎದೆ ಒತ್ತುತ್ತ ಕಾಯಬೇಕಿತ್ತು. ನಿಂತ ಎದೆಗೆ ಕರೆಂಟು ಕೊಡುವ ಹಿಡಿಗಳನ್ನು ಡಾಕ್ಟರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ಜನ ಸತ್ತರು. ಕೊನೆಗೆ ದೊಡ್ಡ ಡಾಕ್ಟರು ಮೇಲಿನವರ ಜೊತೆ ಜಗಳಾಡಿ, ನೋಡಿದವಳೇ ಕೊಡಲಿ ಎಂದು ಒಪ್ಪಿಸಿದರು. ಅವಳು ಮೊದಲ ಸಲ ಹಿಡಿಗಳನ್ನು ಒತ್ತಿದಾಗ, ಸತ್ತಿದ್ದವನು ಕಣ್ಣು ತೆರೆದು, ಯಾರ್ರೀ ನನ್ನ ಎದೆಗೆ ಒದ್ದಿದ್ದು, ಎಂದು ಕೇಳಿದ್ದ. ಅವತ್ತು ಮನೆಗೆ ಹೋಗಿ ಗಂಡನಿಗೆ ಅದನ್ನು ಹೇಳುತ್ತ ಅಳು ಬಂದಿತ್ತು. ಹೊಸದಾಗಿ ಮದುವೆಯಾಗಿತ್ತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬಂದ ಕೈಯನ್ನು ಅವನು ಮುಂದೆ ಚಾಚಿದ್ದ, ಅವಳು ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನು, ಬೇಸರವಿಲ್ಲದೆ, ತಮಾಷೆಗೆ ಎಂಬಂತೆ ಹೇಳಿದ್ದ: "ಕೈ ಹಿಡಿಯೋದಾದ್ರೆ ಹಿಡಿ, ನಾಡಿ ನೋಡ್ಬೇಡ." ನೋಡಿಕೊಂಡರೆ ಅವಳ ಮೂರು ಬೆರಳು ಅವನ ಮಣಿಕಟ್ಟಿನ ಮೇಲಿದ್ದವು. ಇಬ್ಬರೂ ನಕ್ಕರು. ಆಮೇಲೆ ವರ್ಷಗಳುದ್ದಕ್ಕೂ, ಸಿನಿಮಾ ಮಂದಿರದ ಕತ್ತಲಲ್ಲಿ, ಅತ್ತೆ ತೀರಿಕೊಂಡ ದಿನ, ಮಗುವಾಗದು ಎಂದು ಖಚಿತವಾದ ದಿನ, ಬೆರಳುಗಳು ತಾವಾಗಿಯೇ ಅಲ್ಲಿಗೆ ಹೋಗುತ್ತಿದ್ದವು. ಎಂದಿನಿಂದಲೋ ಅವನು ತಮಾಷೆ ಮಾಡುವುದನ್ನು ಬಿಟ್ಟ. ಕೈ ಚಾಚುವುದನ್ನೂ ಬಿಟ್ಟ. ಯಾವುದು ಮೊದಲು ಎಂದು ನೋಡುವುದನ್ನು ಮಾತ್ರ ಅವಳು ಮರೆತಿದ್ದಳು.

ಬಾಗಿಲು ತೆರೆದು ಎತ್ತರದ ಸಿಸ್ಟರು ಕರೆದಳು. ಒಬ್ಬೊಬ್ಬರಾಗಿ, ಬೇಗ. ಆಗಲೇ ಬಂದು ಕಾಯುತ್ತಿದ್ದ ನಾದಿನಿ, ನಾನು ಹೋಗಿ ಬಂದುಬಿಡ್ತೀನಿ ಅತ್ತಿಗೆ, ನಂಗೆ ಮನೇಲಿ ಪ್ಲಂಬರ್ ಬರ್ತಾನೆ, ಎಂದು ಉತ್ತರಕ್ಕೆ ಕಾಯದೆ ನುಗ್ಗಿದಳು. ಇವಳು ಗಾಜಿನ ಹೊರಗೆ ನಿಂತು ನೋಡಿದಳು. ಈಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಗೂಡು, ಪರದೆಗಳೆಲ್ಲ ಬಣ್ಣಬಣ್ಣದವು, ನಡುವೆ ಮೇಜಿನ ಮೇಲೆ ಎಲ್ಲರ ಗೆರೆಗಳೂ ಒಟ್ಟಿಗೆ ಹರಿಯುವ ದೊಡ್ಡ ಪರದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿ ಬಂತು, ನಾಳದೊಳಗೆ ಬಲೂನು ಊದುವುದು ಬಂತು, ಎದೆನೋವಿನವರು ವಾರದೊಳಗೆ ನಡೆದುಕೊಂಡು ಮನೆಗೆ ಹೋಗುವಂತಾಯಿತು. ಅವಳ ಕಾಲದಲ್ಲಿ ಯಂತ್ರದ ಗಂಟೆ ಹೊಡೆದರೆ ಕೋಣೆಗೆ ಕೋಣೆಯೇ ಓಡುತ್ತಿತ್ತು. ಈಗ ಯಾವುದಾದರೊಂದು ಗಂಟೆ ಸದಾ ಹೊಡೆದುಕೊಳ್ಳುತ್ತಲೇ ಇರುತ್ತದೆ, ಯಾರೂ ತಲೆಯೆತ್ತುವುದಿಲ್ಲ. ನಾದಿನಿ ಮಂಚದ ಅಂಚಿಗೆ ಒರಗಿ ಕೈ ಬೀಸಿ ಮಾತಾಡುತ್ತಿದ್ದಳು. ಪೈಪು, ತುಕ್ಕು, ಕೆಳಗಿನ ಮನೆಯವರ ಚಾವಣಿ; ಕೇಳಿಸದಿದ್ದರೂ ಏನೆಂದು ಗೊತ್ತಿತ್ತು. ಗಂಡನ ಮುಖ ಕಾಣುತ್ತಿರಲಿಲ್ಲ, ಪರದೆ ಕಾಣುತ್ತಿತ್ತು. ಎಪ್ಪತ್ತರ ಆಸುಪಾಸಿನಲ್ಲಿ ಗೆರೆ ತಣ್ಣಗೆ, ಅಚ್ಚುಕಟ್ಟಾಗಿ, ಶಾಲೆಯ ಮಕ್ಕಳು ಸಾಲಾಗಿ ಹೋಗುವ ಹಾಗೆ ಹೋಗುತ್ತಿತ್ತು. ನಾದಿನಿ ಹೊರಗೆ ಬಂದು, ಚೆನ್ನಾಗಿದ್ದಾನೆ ಕಣ್ರೀ, ನಕ್ಕ ಕೂಡ, ಎಂದಳು.

ಅವಳು ಒಳಗೆ ಹೋದಳು. ಹೋಗುವ ಮುನ್ನ ಚಪ್ಪಲಿ ಸದ್ದು ಮಾಡದಂತೆ ಬಿಟ್ಟಳು, ಮುಖವನ್ನು ಸಡಿಲ ಮಾಡಿಕೊಂಡಳು, ಪರದೆಯ ಕಡೆ ನೋಡಬಾರದು ಎಂದುಕೊಂಡಳು. ನೋಡಿದಳು. ಎಪ್ಪತ್ತು ಎಂಬತ್ತಾಯಿತು, ಅವಳು ಮಂಚ ಮುಟ್ಟುವಷ್ಟರಲ್ಲಿ ತೊಂಬತ್ತು ದಾಟಿತು, ಸಾಲಾಗಿ ಹೋಗುತ್ತಿದ್ದ ಮಕ್ಕಳ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಸಾಲು ತಪ್ಪಿಸಿ ಹಾರತೊಡಗಿದ. ತಪ್ಪು ಬಡಿತಗಳು. ನಿನ್ನೆ ಇವು ಇರಲಿಲ್ಲ. ಹೇಗಿದೀರಿ ಅಂದಳು. ಇದೀನಿ ಅಂದ. ಊಟ ಅಂದಳು. ಗಂಜಿ ಕೊಟ್ರು ಅಂದ. ಅವನ ಕಣ್ಣು ಅವಳ ಕಣ್ಣನ್ನು ಹಿಂಬಾಲಿಸಿ ಮೇಲಕ್ಕೆ ಹೋಯಿತು. ಅವಳು ಥಟ್ಟನೆ ಕಣ್ಣು ಕಿತ್ತು ಹೊದಿಕೆಯ ಸುಕ್ಕು ಸರಿಮಾಡಿದಳು. ಏನೋ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು. ಯಾರು ಸಿಕ್ಕಿಬಿದ್ದದ್ದು, ತಾನೋ ಅವನೋ?

ಎತ್ತರದ ಸಿಸ್ಟರು ಅವಳನ್ನು ಬಾಗಿಲಿನ ಬಳಿಗೆ ಕರೆದುಕೊಂಡು ಹೋದಳು. ಒಳ್ಳೆಯ ಹುಡುಗಿ, ತಪ್ಪು ತಿಳೀಬೇಡಿ ಎಂಬುದನ್ನು ಮುಖದಲ್ಲೇ ಬರೆದುಕೊಂಡು ಬಂದಿದ್ದಳು. ನಾಳೆ ಬೆಳಿಗ್ಗೆ ಬಲೂನು ಹಾಕಬೇಕಿದೆ, ಈ ತಪ್ಪು ಬಡಿತಗಳು ಹೀಗೇ ಬರುತ್ತಿದ್ದರೆ ಡಾಕ್ಟರು ಮುಂದಕ್ಕೆ ಹಾಕುತ್ತಾರೆ, ಮುಂದಕ್ಕೆ ಹಾಕಿದಷ್ಟೂ ಅಪಾಯ. "ಅಮ್ಮ, ನೀವು ಬಂದಾಗ್ಲೇ ಹೀಗಾಗ್ತಿದೆ. ನಿನ್ನೆನೂ ಬಡಿತ ಏರಿದ್ದು ನೋಡ್ದೆ. ಬೇರೆಯವ್ರು ಬಂದ್ರೆ ಏನೂ ಆಗಲ್ಲ." ಅವಳು ತಲೆಯಾಡಿಸಿದಳು, ಇದು ತನಗೆ ಹೊಸದು ಎಂಬಂತೆ. ಹಿಂದಿನಿಂದ ನಾದಿನಿ, ಅವರಿಗೆ ಏನು ಹೇಳ್ತೀಯಮ್ಮ, ಈ ರೂಮು ಕಟ್ಟಿದ್ದೇ ಅವರು, ಆ ಫೋಟೋದಲ್ಲಿ ಕಿವಿ ಇದೆ ನೋಡು, ಎಂದಳು. ಸಿಸ್ಟರು ಫೋಟೋದ ಕಡೆ, ಮತ್ತೆ ಅವಳ ಕಿವಿಯ ಕಡೆ ನೋಡಿ ಮುಖ ಅರಳಿಸಿದಳು. "ಹೌದಾ? ದೊಡ್ಡ ಸಿಸ್ಟರಾ ನೀವು? ಹಾಗಾದ್ರೆ ನಿಮ್ಗೆ ಬಿಡಿಸಿ ಹೇಳೋದೇ ಬೇಡ. ನಮ್ಮ ಟ್ರೈನಿಂಗಲ್ಲಿ ಈಗ್ಲೂ ಹೇಳ್ತಾರೆ, ಯಾರು ಬಂದ್ರೆ ಬಡಿತ ಏರುತ್ತೋ ಅವ್ರನ್ನ ಹೊರಗಿಡಿ ಅಂತ. ದೊಡ್ಡ ಸಿಸ್ಟರ ರೂಲು ಅಂತಾನೇ ಹೇಳೋದು." ಅವಳು ಮತ್ತೆ ತಲೆಯಾಡಿಸಿದಳು. ಸಂಜೆಗೆ ಮುಂಚೆ ಒಂದೇ ಒಂದು ಸಲ ಬಿಡು ಎಂದು ಕೇಳುವಾಗ, ಬಾಗಿಲಿನ ಹೊರಗೆ ನಿಂತವರು ಬೇಡುವ ದನಿ ತನ್ನ ಗಂಟಲಿನಿಂದಲೇ ಬಂದಿದ್ದನ್ನು ಕೇಳಿಸಿಕೊಂಡಳು. ಆ ಹುಡುಗಿ ಯೋಚಿಸಿ, ಮಧ್ಯಾಹ್ನ ಒಂದು ಸಲ, ಆಮೇಲೆ ನಾಳೆ ಮುಗಿಯೋವರೆಗೂ ಬೇಡ, ಮೇಡಂ, ಎಂದಳು. ಅಮ್ಮ ಹೋಗಿ ಮೇಡಂ ಆಗಿತ್ತು. ಮರ್ಯಾದೆ ಏರಿದಷ್ಟೂ ಬಾಗಿಲು ಕಿರಿದಾಗಿತ್ತು.

ಆ ರೂಲು ಹುಟ್ಟಿದ್ದು ಒಬ್ಬ ಅಚ್ಚುಕೂಟದವನಿಂದ. ಅಚ್ಚುಮೊಳೆ ಜೋಡಿಸುವ ಕೆಲಸದವನು, ಉಗುರಿನ ಸಂದಿಯ ಮಸಿ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಎರಡನೆಯ ಮಂಚ. ಅವನ ಹೆಂಡತಿ ಕುಳ್ಳಗೆ, ಯಾವಾಗಲೂ ಓಡಿಬಂದಂತೆ ಇರುತ್ತಿದ್ದಳು. ಅವಳು ಬಂದರೆ ಸಾಕು ಹಸಿರು ಚುಕ್ಕೆ ಜಿಗಿಜಿಗಿದು ಬೀಳುತ್ತಿತ್ತು. ದೊಡ್ಡ ಡಾಕ್ಟರಿಗೆ ತೋರಿಸಿದಾಗ ಅವರು ಮೇಜು ತಟ್ಟಿದರು: ನೋಡಿದ್ರಾ, ಇದನ್ನ ನಾನು ನೋಡಿರಲಿಲ್ಲ, ನೀವು ನೋಡಿದಿರಿ. ಅಷ್ಟು ದೊಡ್ಡ ಮಾತನ್ನು ಅವರು ಇನ್ನೊಂದು ಸಲ ಆಡಲಿಲ್ಲ. ಮರುದಿನದಿಂದ ಇವಳು ಆ ಹೆಂಗಸನ್ನು ಬಾಗಿಲಲ್ಲೇ ತಡೆದಳು. ಅವಳು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು ಬಂದಿದ್ದಳು, ಅವರಿಗೆ ತಲೆ ಕೆದರಿದ್ದರೆ ಆಗೋದಿಲ್ಲ ಸಿಸ್ಟರ್, ನಾನು ಮಾತಾಡಲ್ಲ, ಬಾಚಿ ಬಂದ್ಬಿಡ್ತೀನಿ ಎಂದಳು. ಬೇಡ, ನಾವು ಬಾಚ್ತೀವಿ, ನೀವು ಬರದ ದಿನ ಅವರ ಬಡಿತ ಎಷ್ಟು ಚೆನ್ನಾಗಿದೆ ಗೊತ್ತಾ, ಎಂದು ಇವಳು ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು. ಹೆಂಗಸು ಬಾಚಣಿಗೆಯನ್ನು ಕೊಟ್ಟು, "ಒಳ್ಳೇದು" ಅಂದಳು. ಎಷ್ಟು ಬೇಗ ಅರ್ಥಮಾಡಿಕೊಂಡಳು, ವಿದ್ಯೆಯಿಲ್ಲದಿದ್ದರೂ ತಿಳಿವಳಿಕೆಯವಳು ಎಂದು ಅವತ್ತು ಅನ್ನಿಸಿತ್ತು. ಅಚ್ಚುಕೂಟದವನು ಬದುಕಿದ. ರೂಲು ಗೆದ್ದಿತು. ಫಲಕ ಬರೆಸಿ ಬಾಗಿಲ ಮೇಲೆ ಹಾಕಿದರು. ಅಳು ಒಳಗೆ ಕೇಳಿಸದಿರಲಿ ಎಂದು ಹೊರಗಿನ ಬೆಂಚನ್ನು ಅವಳೇ ಮುಂದೆ ನಿಂತು ಮೆಟ್ಟಿಲ ತುದಿಗೆ ಸಾಗಿಸಿದಳು. ಹಾಗೆ ಬದುಕಿದವರು ಎಷ್ಟೋ ಜನ. ಅದನ್ನು ಯಾರೂ ಸುಳ್ಳೆನ್ನುವಂತಿಲ್ಲ. ಈಗಲೂ ಯಾರಾದರೂ ಕೇಳಿದರೆ ಆ ರೂಲು ಸರಿ ಎಂದೇ ಹೇಳುತ್ತಿದ್ದಳು, ಮತ್ತು ಅದು ಸರಿಯೇ ಆಗಿತ್ತು. ಬಾಗಿಲ ಹೊರಗಿನ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯೋಚಿಸಿದರೂ ಅದರಲ್ಲಿ ತಪ್ಪು ಕಾಣಿಸುತ್ತಿರಲಿಲ್ಲ ಎಂಬುದೇ ಎದೆಯಲ್ಲಿ ಅಡ್ಡ ಸಿಕ್ಕಿಕೊಂಡಿತ್ತು.

ನಾದಿನಿ ಪ್ಲಂಬರನನ್ನು ಹಿಡಿಯಲು ಹೋಗಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಫೋಟೋದ ಗಾಜಿನ ಮೇಲೆ ಬಿದ್ದು ದೊಡ್ಡ ಡಾಕ್ಟರು ಅಳಿಸಿಹೋಗಿದ್ದರು, ಕಿವಿ ಉಳಿದಿತ್ತು. ಅಚ್ಚುಕೂಟದವನ ಹೆಂಡತಿಯನ್ನು ಅವಳು ಇನ್ನೊಂದು ಸಲ ಕಂಡಿದ್ದಳು, ಎಷ್ಟೋ ವರ್ಷದ ಮೇಲೆ, ಹೊರರೋಗಿಗಳ ಸಾಲಿನಲ್ಲಿ. ಆಕೆಯ ಗಂಡ ತಪಾಸಣೆಗೆ ಒಳಗೆ ಹೋಗಿದ್ದ. ತಾನಾಗಿಯೇ ಗುರುತು ಹಿಡಿದು ಎದ್ದುಬಂದ ಹೆಂಗಸು ಕೈಮುಗಿದಳು. ಚೆನ್ನಾಗಿದ್ದಾರಾ ನಿಮ್ಮ ಮನೆಯವರು ಎಂದಿದ್ದಕ್ಕೆ ಕಲ್ಲುಗುಂಡಿನ ಹಾಗೆ ಇದ್ದಾರೆ ಸಿಸ್ಟರ್ ಎಂದು ನಕ್ಕಳು, ನಕ್ಕವಳು ನಗುವಿನೊಳಗೇ ಹೇಳಿದಳು: "ಆದ್ರೆ ಮನೇಲಿ ಏನು ಮಾತು ಬಂದ್ರೂ ಅವ್ರದು ಒಂದೇ. ಸಾಕು ಸುಮ್ನಿರು, ನೀನು ನನ್ನೆದೆಗೆ ಕೆಟ್ಟವಳು ಅಂತ ಮಿಷಿನ್ನೇ ಹೇಳಿದೆ ಅಂತಾರೆ. ಸಾರಿಗೆ ಉಪ್ಪು ಜಾಸ್ತಿಯಾದ್ರೂ ಮಿಷಿನ್ನು, ನಮ್ಮಕ್ಕನ ಮನೆಗೆ ಹೋಗ್ಬೇಕಂದ್ರೂ ಮಿಷಿನ್ನು. ಮಕ್ಕಳೂ ಕಲ್ತಿವೆ. ಅಲ್ಲ ಸಿಸ್ಟರ್, ಅದು ಹಾಗಂತ ಹೇಳ್ತಾ?" ಯಂತ್ರ ಹಾಗೆಲ್ಲ ಹೇಳುವುದಿಲ್ಲ, ಅದು ಬಡಿತ ಎಣಿಸುತ್ತದೆ ಅಷ್ಟೆ, ಎಂದು ಅವಳು ಉತ್ತರಿಸಿದ್ದಳು. ಎಷ್ಟು ಸರಿಯಾದ ಉತ್ತರ. ಹೆಂಗಸು ಅವಳ ಬಾಯಿಯನ್ನೇ ನೋಡುತ್ತ ಇನ್ನೂ ಏನಾದರೂ ಬರುತ್ತದೆಯೇ ಎಂದು ಕಾದು ನಿಂತಿದ್ದಳು. ಆಗ ವಾರ್ಡಿನಿಂದ ಕರೆ ಬಂತು, ಅಥವಾ ಬಂದಂತೆ ಮಾಡಿಕೊಂಡು ಹೋದಳು. ಆ ರಾತ್ರಿ ಅದನ್ನು ಗಂಡನಿಗೆ ನಗೆಚಾಟಿಕೆಯಾಗಿ ಹೇಳಿದ್ದು ನೆನಪಾಯಿತು. ಅವನು ನಗಲಿಲ್ಲ. ಪಾಪ, ಅಂದ. ಯಾರಿಗೆ ಪಾಪ ಎಂದು ಕೇಳಿದ್ದಕ್ಕೆ ಪೇಪರಿನ ಹಾಳೆ ಮಗುಚಿದ.

ಸಿಸ್ಟರು ಕರೆದಾಗ ಮೊಣಕಾಲು ಹಿಡಿದಿತ್ತು. ನಡೆಯುತ್ತ ಅವಳು ತನಗೇ ಬುದ್ಧಿ ಹೇಳಿಕೊಂಡಳು: ನೆಲ ನೋಡು, ಮಂಚದ ಕಾಲು ನೋಡು, ಅವನ ಮುಖ ನೋಡು. ಮುಖವನ್ನೇ ನೋಡಿದಳು ಕೂಡ. ಗಡ್ಡ ಬೆಳೆದಿತ್ತು, ಮೂಗಿನ ಮೇಲೆ ಕನ್ನಡಕ ಒತ್ತಿದ ಹಳೆಯ ಗುಳಿಗಳು ಬೆಳ್ಳಗೆ ಕಾಣುತ್ತಿದ್ದವು. ಮುಖ ಏನನ್ನೂ ಹೇಳಲಿಲ್ಲ. ಅಥವಾ ಹೇಳುತ್ತಿತ್ತು, ಓದುವುದು ಅವಳಿಗೆ ಬರಲಿಲ್ಲ. ಕಣ್ಣು, ನೀರು ತಗ್ಗಿಗೆ ಹರಿಯುವಂತೆ, ಪರದೆಗೆ ಹೋಯಿತು. ತೊಂಬತ್ತೆಂಟು.

"ಬಾ, ಕೂತ್ಕೋ," ಅಂದ ಅವನು. ಆಮೇಲೆ ಕೈ ಚಾಚಿದ. ಎಷ್ಟು ಕಾಲದ ಮೇಲೆ. ಅವಳು ಹಿಡಿಯಲು ಹೋದರೆ ತಲೆಯಲ್ಲಾಡಿಸಿ, "ಅದಲ್ಲ. ನಿನ್ನ ಕನ್ನಡಕ ಕೊಡು," ಅಂದ. ತೆಗೆದು ಕೊಟ್ಟಳು. ಅವನೇ ಅಳತೆ ತೆಗೆದು, ಅವನೇ ಉಜ್ಜಿ ಕೂರಿಸಿದ ಗಾಜು. ಅಂಗಡಿ ಮುಚ್ಚುವ ಮೊದಲು ಕೊನೆಯದಾಗಿ ಮಾಡಿದ್ದು ಅದನ್ನೇ. ಹೊದಿಕೆಯ ತುದಿಯಿಂದ, ಅಂಗಡಿಯಲ್ಲಿ ಕೂತವನ ಹಾಗೆ, ನಿಧಾನವಾಗಿ ಒರೆಸತೊಡಗಿದ. ಲೋಕ ಕಲಸಿಹೋಯಿತು. ಪರದೆ ಒಂದು ಹಸಿರು ಕಲೆಯಾಯಿತು, ಅವನು ಒಂದು ಬಿಳಿ ಕಲೆಯಾದ. "ಈಗ ಕಾಣುತ್ತಾ ಅದು?" ಎಂದು ಕೇಳಿದ. ಇಲ್ಲ ಅಂದಳು. "ಒಳಗೆ ಬಂದ ಕೂಡ್ಲೇ ನೀನು ಮೊದ್ಲು ನೋಡೋದು ಅದನ್ನ," ಅಂದ. ಬೈಯುವ ದನಿಯಾಗಿರಲಿಲ್ಲ, ಗಿರಾಕಿಗೆ ದೃಷ್ಟಿ ಎಷ್ಟಿದೆಯೆಂದು ತಿಳಿಸುವ ದನಿ. "ನೀನು ನೋಡ್ತೀಯ ಅಂತ ಗೊತ್ತಾದ್ರೆ ಅದು ಓಡೋಕೆ ಶುರು ಮಾಡುತ್ತೆ. ಸರಿಯಾಗಿಟ್ಕೋಬೇಕು, ಇವಳು ಬಂದ್ಲು, ಅಂತ ಅನ್ಸುತ್ತೆ. ಆಗ ಇನ್ನೂ ಓಡುತ್ತೆ. ಪರೀಕ್ಷೆ ಹಾಲಲ್ಲಿ ಮೇಷ್ಟ್ರು ಬಂದು ಹಿಂದೆ ನಿಂತ ಹಾಗೆ. ಮನೇಲೂ ಅಷ್ಟೇ ಆಗಿತ್ತು. ಅಲ್ಲಿ ಯಾರೂ ತಂತಿ ಹಾಕಿರ್ಲಿಲ್ಲ, ಅಷ್ಟೇ."

ಅವಳಿಗೆ ಏನಾದರೂ ಹೇಳಬೇಕಿತ್ತು. ನಿಮಗೆ ಏನಾದರೂ ಆದೀತು ಎಂಬ ಭಯಕ್ಕೆ ನೋಡುತ್ತಿದ್ದೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಅಪ್ಪನ ಚಪ್ಪಲಿಯಿಂದ ಹಿಡಿದು ಈ ತನಕ ಅವಳು ನೋಡಿದ್ದೆಲ್ಲ ಭಯಕ್ಕೇ, ನೋಡಿಸಿಕೊಂಡವರಿಗೆ ಅದರಿಂದ ಏನು ಸಿಕ್ಕಿತು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ತಡಕಾಡಿ ಅವನ ಬರಿದಾಗಿದ್ದ ಎಡಗೈಯನ್ನು ಹಿಡಿದುಕೊಂಡಳು. ಅಂಗೈಗೆ ಅಂಗೈ. ಅವನು ಬಿಡಿಸಿಕೊಳ್ಳಲಿಲ್ಲ. ಬೆರಳ ತುದಿಗಳಲ್ಲಿ ಗಾಜಿನ ಧೂಳು ಕೊರೆದ ಒರಟು ಇನ್ನೂ ಹಾಗೇ ಇತ್ತು. ಕಣ್ಣಿಲ್ಲದ ಆ ಮಬ್ಬಿನಲ್ಲಿ ಅವನ ಕೈ ಎಷ್ಟು ದೊಡ್ಡದು, ಎಷ್ಟು ಬೆಚ್ಚಗಿದೆ ಎಂದು ಆಶ್ಚರ್ಯವಾಯಿತು. ಮೇಲೆ ಯಂತ್ರದ ಸಣ್ಣ ಸದ್ದು ನಿಧಾನವಾಗುತ್ತ ಬರುತ್ತಿತ್ತು. ಕಿವಿಗೆ ಅಷ್ಟು ತಿಳಿಯುತ್ತಿತ್ತು, ಕಿವಿಯನ್ನು ತೆಗೆದು ಯಾರ ಕೈಗೆ ಕೊಡುವುದು? ಇಳಿಯುತ್ತಿದೆ. ಇಳಿಯುತ್ತಿದೆಯೇ? ಒಂದು ಬಡಿತ ತಪ್ಪಿತೇ? ಖಾತ್ರಿಯಾಗಬೇಕಿತ್ತು, ಒಂದೇ ಒಂದು ಸಲ ಖಾತ್ರಿಯಾದರೆ ಸಾಕಿತ್ತು, ಆಮೇಲೆ ಸುಮ್ಮನೆ ಕೂರಬಹುದಿತ್ತು.

ಅವನು ಒರೆಸುವುದನ್ನು ನಿಲ್ಲಿಸಿದ. ಆಮೇಲೆ ಅವನ ಕೈ ಅವಳ ಮೂರು ಬೆರಳುಗಳ ಅಡಿಯಿಂದ, ನೋವಾಗದ ಹಾಗೆ, ನಿಧಾನವಾಗಿ ಜಾರಿಕೊಂಡು ಹೊದಿಕೆಯ ಒಳಗೆ ಹೋಯಿತು. ಮೇಲಿನ ಸದ್ದು ಮತ್ತೆ ಓಡತೊಡಗಿತು.

"ಹೋಗು," ಅಂದ. "ಸಂಜೆ ತಂಗಿ ಬರ್ಲಿ." ಕನ್ನಡಕ ಎಂದು ಅವಳು ಕೈ ಚಾಚಿದಳು. ತಿರುಪು ಸಡಿಲವಾಗಿದೆ, ಇಲ್ಲಿರಲಿ, ನೋಡುತ್ತೇನೆ, ಅಂದ.

ಗೋಡೆ ಸವರಿಕೊಂಡು ಹೊರಗೆ ಬಂದಳು. ಬಾಗಿಲು ತಾನಾಗಿ ತೆರೆದು ತಾನಾಗಿ ಮುಚ್ಚಿಕೊಂಡಿತು. ಕುರ್ಚಿಗಳು ಎಲ್ಲಿವೆಯೆಂದು ಕಾಣದೆ ಗೋಡೆಗೆ ಒರಗಿ ನಿಂತಳು. ತಲೆಗೆ ತಾಗಿದ್ದು ಫೋಟೋದ ಚೌಕಟ್ಟಿರಬೇಕು. ಯಾರದೋ ಮಗು ಎಲ್ಲೋ ಅಳುತ್ತಿತ್ತು, ಯಾರೋ ಫೋನಿನಲ್ಲಿ ಚೆನ್ನಾಗಿದ್ದಾರೆ ಚೆನ್ನಾಗಿದ್ದಾರೆ ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ಎಷ್ಟು ಹೊತ್ತಾಯಿತೋ. ಬಾಗಿಲು ಸರಿದ ಸದ್ದಾಯಿತು, ಎತ್ತರದ ಒಂದು ನೀಲಿ ಕಲೆ ಹತ್ತಿರ ಬಂದು ನಿಂತಿತು. ಆ ಹುಡುಗಿಯ ದನಿಯಲ್ಲಿ ಸಂತೋಷವಿತ್ತು, ಒಳ್ಳೆಯ ಸುದ್ದಿಯನ್ನು ಓಡಿಬಂದು ಹೇಳುವವರ ಸಂತೋಷ.

"ಮೇಡಂ, ನೀವು ಹೊರಗೆ ಬಂದ್ಮೇಲೆ ಪೂರ್ತಿ ಇಳೀತು. ಎಪ್ಪತ್ತೆರಡು. ಒಂದು ತಪ್ಪು ಬಡಿತಾನೂ ಇಲ್ಲ. ಹೀಗೇ ಇದ್ರೆ ನಾಳೆ ಬೆಳಿಗ್ಗೇನೇ ಮಾಡ್ಬಿಡ್ತಾರಂತೆ."

ಕೊಡುವುದಕ್ಕೆ ಕೈಯಲ್ಲಿ ಬಾಚಣಿಗೆಯೂ ಇರಲಿಲ್ಲ.

"ಒಳ್ಳೇದು," ಅಂದಳು.

ಹುಡುಗಿ ಸಮಾಧಾನದಿಂದ ಒಳಗೆ ಹೋದಳು.